ಮೈಲಾರವ್ವ ಗುಳಿಗಿ ಬಿಟ್ಟದ್ದ್ಯಾಕ?

ಕುಬಿಹಾಳದಾಗ ಮೆಣಸಿನಕಾಯಿ ಬಿಡಿಸೂ ಹೆಣ್ಮಕ್ಕಳ ಗುಂಪಿಗೆ ಮೈಲಾರವ್ವನೇ ಮುಂದಾಳು. ಹನ್ನೊಂದು ಮಂದೀನ್ನ ಗದರಿಸಿ ದುಡಿಸೂ ಗಟ್ಟಿಗಿತ್ತಿ. ಬಿ.ಪಿ. ಗುಳಿಗಿ ಅಂದ್ರ ಮಾತ್ರ ಮಾರಿ ತಿರುವತಿದ್ಲು.

"ಬಿ.ಪಿ. ಭಾಳ ಐತಿ, ಎದಿಬಡಿತಾನೂ ಸರಿ ಇಲ್ಲ, ದಿನಾ ಗುಳಿಗಿ ತಗೋಬೇಕು" ಅಂತ ಡಾಕ್ಟರು ಸ್ವಚ್ಛ ಹೇಳಿದ್ರು. ಹೂಂ ಅಂದು ಬಂದಾಕಿ ಐತವಾರ ಒಂದ ದಿನ ನುಂಗೂದು, ಕೆಲಸದ ದಿನ ಮುಟ್ಟೂದಿಲ್ಲ. ಏನ್ ಹಟ ಅಂತೀರಿ! ಸೊಸಿ ಮಂಜುಳಾ ಕೇಳಿದ್ರ, "ನನಗೇನ್ ಧಾಡಿ ಆಗೇತಿ? ಅಗದಿ ಗಟ್ಟಿ ಅದೀನಿ" ಅಂತ ಬಾಯಿ ಮುಚ್ಚಿಸತಿದ್ಲು.

ಒಂದಿನ ಹೊಲದಾಗ ಎದಿ ಒಮ್ಮಿಗೇ ಡವಡವ ಹೊಡ್ಕೊಳ್ಳಾಕ ಹತ್ತಿತು. ಕಣ್ಣಿಗೆ ಕತ್ತಲಿ ಬಂದು, ಕಾಯಿ ತುಂಬಿದ ಪುಟ್ಟಿ ಕೈಜಾರಿ ಬಿತ್ತು. ಮೈಲಾರವ್ವ ಒಡ್ಡಿನ ಮ್ಯಾಲ ಕುಂತಬಿಟ್ಲು. ಖರೇನ ಅಂಜಿದ್ಲು.

ಸುದ್ದಿ ಕೇಳಿ ಆಶಾ ಕಾರ್ಯಕರ್ತೆ ರಜಿಯಾಬಿ ಓಡಿ ಬಂದ್ಲು. "ಯವ್ವಾ, ಖರೇ ಹೇಳು ಬೇ. ಗುಳಿಗಿ ಯಾಕ ಬಿಟ್ಟಿ?"

ಮೈಲಾರವ್ವ ತಲಿ ತಗ್ಗಿಸಿದ್ಲು. "ಏನ್ ಹೇಳ್ಲಿ ರಜಿಯಾ... ಅದನ್ನ ನುಂಗಿದ್ರ ಮ್ಯಾಲಿಂದ ಮ್ಯಾಲ ಒಂದಕ್ಕ ಹೋಗೂದಾಗತೈತಿ. ಈ ಬಯಲ ಹೊಲದಾಗ ಒಂದ್ ಗಿಡದ ಮರೆ ಇಲ್ಲ, ಗಂಡಸೂರು ಅಡ್ಡಾಡತಾರ. ಎಲ್ಲಿ ಕುಂಡ್ರಲಿ? ಅದಕ್ಕ ನೀರೂ ಕುಡಿಯೂದಿಲ್ಲ ನಾ."

ರಜಿಯಾಬಿ ನಗಲಿಲ್ಲ. "ಇದು ನಾಚೂ ಮಾತಲ್ಲ. ಆದ್ರ ಗುಳಿಗಿ ಬಿಟ್ರ, ಬಡಿತ ತಪ್ಪಿದ ಎದ್ಯಾಗ ರಕ್ತ ಹೆಪ್ಪುಗಟ್ಟತೈತಿ. ಅದು ಮೆದುಳಿಗೆ ಹೋದ್ರ ಲಕ್ವಾ ಹೊಡೀತೈತಿ. ಆಮ್ಯಾಲ ನಿನ್ನ ಒಂದಕ್ಕ ಕುಂಡ್ರಸಾಕೂ ಸೊಸೀನ ಬರಬೇಕು. ನಡಿ, ಈಗಿಂದೀಗ ದವಾಖಾನಿಗೆ ಹೋಗೂಣು. ನನಗ ಹೇಳಿದ್ದನ್ನ ಡಾಕ್ಟರಿಗೂ ಹೇಳು."

ಸಂಶಿ ಊರಿನ ದವಾಖಾನಿಯೊಳಗ ಡಾಕ್ಟರು ಬಿ.ಪಿ. ನೋಡಿ ಇ.ಸಿ.ಜಿ. ತಗದ್ರು. ಮೈಲಾರವ್ವ ನಾಚಿಕಿ ಬದಿಗಿಟ್ಟು ಎಲ್ಲಾ ಹೇಳಿದ್ಲು.

"ಇದನ್ನ ಮೊದಲ ಹೇಳಬಾರದೇನವ್ವಾ?" ಅಂದ ಡಾಕ್ಟರು, ಒಂದಕ್ಕ ತರೂ ಗುಳಿಗಿ ತಗದು ಬ್ಯಾರೆ ಬರಕೊಟ್ರು. "ರಕ್ತ ಹೆಪ್ಪುಗಟ್ಟದಂಗ ಕೊಟ್ಟ ಈ ಗುಳಿಗೀನ ಒಂದಿನಾನೂ ತಪ್ಪಿಸಬ್ಯಾಡ. ನನ್ನ ಕೇಳದ ಯಾವದೂ ಬಿಡಬ್ಯಾಡ. ಉಪ್ಪು, ಉಪ್ಪಿನಕಾಯಿ ಕಡಿಮಿ ಮಾಡು. ನೀರು ಕುಡಿ."

ಬಿ.ಪಿ. ಹತೋಟಿಗೆ ಬಂದ ಮ್ಯಾಲ ಮೈಲಾರವ್ವ ಹೊಲದ ಸಾವ್ಕಾರ ಕಾಶಿನಾಥನ ಮುಂದ ಹೋಗಿ ನಿಂತ್ಲು. "ಸಾವ್ಕಾರ್ರ, ಹೊಲದ ಮೂಲ್ಯಾಗ ನಾಕ್ ಗೂಟ ಹುಗದು ತಾಡಪತ್ರಿ ಕಟ್ಟಸ್ರಿ. ಹೆಣ್ಮಕ್ಕಳಿಗೆ ಮರೆ ಬೇಕು. ಇಲ್ಲಾಂದ್ರ ನಾಳಿಂದ ನಮ್ಮ ಗುಂಪು ಬರಂಗಿಲ್ಲ."

"ಇಷ್ಟ್ ವರ್ಷ ಇಲ್ಲದ್ದು ಈಗ್ಯಾಕ ಬೇಕಾತು ಬೇ?"

"ಇಷ್ಟ್ ವರ್ಷ ನೀರು ಕುಡೀದ ದುಡದೀವ್ರಿ. ಇನ್ನ ಆಗಂಗಿಲ್ಲ."

ಹಿಂದ ನಿಂತ ಹನ್ನೊಂದು ಮಂದಿಯೊಳಗ ಒಬ್ಬಾಕೀನೂ ಕದಲಲಿಲ್ಲ. ಸಂಜಿಗೆ ಸಾವ್ಕಾರ ಗೂಟ ಹುಗಸಿ ತಾಡಪತ್ರಿ ಕಟ್ಟಿಸಿದ.

ಅಕ್ಕಾರ, ಅಣ್ಣಾರ, ನಿಮ್ಮ ಮನಿಯೊಳಗಿನ ಗುಳಿಗಿ ಇವತ್ತ ತಗದು ನೋಡ್ರಿ. ನುಂಗದ ಎಷ್ಟು ಉಳದಾವು? ಯಾಕ ಬಿಟ್ಟೀರಿ ಅನ್ನೂದನ್ನ ನಾಚದ ಡಾಕ್ಟರಿಗೆ ಹೇಳ್ರಿ, ಅವರು ದಾರಿ ತೋರಸ್ತಾರ. ಬಾಯಿ ಸೊಟ್ಟಾದ್ರ, ಒಂದ್ ಕೈ ಸತ್ತಂಗಾದ್ರ, ಮಾತು ತೊದಲಿದ್ರ ತಡಾ ಮಾಡಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ಮತ್ತ ಹೊಲದ ಸಾವ್ಕಾರ್ರ, ನಿಮ್ಮ ಹೊಲದಾಗ ದುಡಿಯೂ ಹೆಣ್ಮಕ್ಕಳು ನೀರು ಕುಡೀತಾರೇನ್ರಿ?