ಹೊಟ್ಟೆಯೊಳಗಿನ ಜಾಡಿ

ನಮ್ಮ ಬೀದಿಯ ಬೇಕರಿಯಣ್ಣನ ಪ್ಯಾಂಟಿನ ಹೊಲಿಗೆಯನ್ನು ಒಂದೇ ವರ್ಷದಲ್ಲಿ ಮೂರು ಸಲ ಬಿಚ್ಚಿ ಸೊಂಟ ಅಗಲ ಮಾಡಿಕೊಟ್ಟವಳು ನಾನು. ಹೊಲಿಗೆಯವಳಿಗೆ ಅದು ಲಾಭವೇ, ಸುಳ್ಳೇಕೆ ಹೇಳಲಿ? ಆದರೆ ನಾಲ್ಕನೆಯ ಸಲ ಬಂದಾಗ ನನಗೆ ನಗು ಬರಲಿಲ್ಲ. ಮೂರೇ ಮೆಟ್ಟಿಲು ಹತ್ತಿ ಬಂದವನು ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದ.

"ಒಳಗೆ ಮಡಚಿದ ಬಟ್ಟೇನೇ ಉಳಿದಿಲ್ಲ ಅಣ್ಣ, ಇನ್ನು ಎಲ್ಲಿಂದ ಬಿಡಲಿ?" ಎಂದೆ.

"ಬಟ್ಟೆ ಹಾಳಾಗ್ಲಿ ತಂಗಿ, ಮಂಡಿ ಹೋಗ್ತಿದೆ. ತೂಕ ಇಳಿಸು, ಇಲ್ಲಾಂದ್ರೆ ಒಲೆ ಮುಂದೆ ನಿಲ್ಲೋ ಕೆಲಸ ಬಿಡು ಅಂದ್ರು ಡಾಕ್ಟ್ರು. ಅಪ್ಪ ಕಟ್ಟಿದ ಒಲೆ ಅದು. ಬಿಟ್ಟು ನಾನೇನ್ ಮಾಡ್ಲಿ?"

ಅವನ ಕಣ್ಣು ಒದ್ದೆಯಾಗಿತ್ತು. ನಾನು ಕುರ್ಚಿ ಎಳೆದು ಕೂರಿಸಿದೆ.

ರವಿಕೆಯ ಅಳತೆ ಕೊಡಲು ಬಂದಿದ್ದ, ಆಸ್ಪತ್ರೆಯ ನರ್ಸಕ್ಕ ಎಲ್ಲ ಕೇಳಿಸಿಕೊಂಡಳು. "ದಿನಾ ಏನ್ ತಿಂತೀರಾ?"

"ನನ್ನ ಬಿಳಿ ಬ್ರೆಡ್ಡೇ. ಮಧ್ಯೆ ಮಧ್ಯೆ ಬಿಸ್ಕತ್ತು. ಎಷ್ಟು ತಿಂದ್ರೂ ಗಳಿಗೆಗೊಂದ್ಸಲ ಹಸಿವು."

"ಕಾಳು, ತರಕಾರಿ, ಹಣ್ಣು?"

"ಅವೆಲ್ಲ ಕಾಯಿಲೆಯವರ ಊಟ ಬಿಡಿ!" ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ನಮ್ಮಣ್ಣ.

ನರ್ಸಕ್ಕ ನಕ್ಕಳು. "ಬ್ರೆಡ್ ಉಬ್ಬಿಸೋ ನಿಮ್ಮ ಹುಳಿಹಿಟ್ಟಿನ ಜಾಡಿಗೆ ದಿನಾ ಹಿಟ್ಟು ಹಾಕ್ತೀರಾ?"

"ಹಾಕದೆ? ಎರಡು ದಿನ ಮರೆತ್ರೆ ಸೊರಗುತ್ತೆ. ನೆಂಟರ ಮನೆಗೆ ಹೋದ್ರೂ ಜೊತೇಲೇ ಒಯ್ತೀನಿ."

"ಅಂಥದೇ ಒಂದು ಜಾಡಿ ನಿಮ್ಮ ದೊಡ್ಡ ಕರುಳಲ್ಲೂ ಇದೆ. ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳು. ಅವುಗಳ ಊಟ ನಾರು. ಕಾಳು, ಈರುಳ್ಳಿ, ಬಾರ್ಲಿ, ಸೇಬಲ್ಲಿರೋ ನಾರು ನಮಗೆ ಅರಗಲ್ಲ. ಅವು ಅದನ್ನ ಹುಳಿ ಬರಿಸಿ ಕರುಳಿನ ಗೋಡೆಗೆ ಬೇಕಾದ ಆಹಾರ ಮಾಡ್ತವೆ. 'ಹೊಟ್ಟೆ ತುಂಬ್ತು, ಸಾಕು' ಅಂತ ಮಿದುಳಿಗೆ ಸುದ್ದಿ ಹೋಗೋಕೂ ಅದರಿಂದ ಸಹಾಯ ಆಗುತ್ತೆ. ನಿಮ್ಮ ಬಿಳಿ ಬ್ರೆಡ್ಡಲ್ಲಿ ನಾರು ತೀರಾ ಕಡಿಮೆ."

ಅಣ್ಣ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ಪಾಪ! ಇಷ್ಟು ದಿನ ಅವನ್ನ ಉಪವಾಸ ಕೆಡವಿದ್ನಾ?"

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನವೇ ಪಾಪ ಪರಿಹಾರಕ್ಕೆ ಕೂತವನಂತೆ ಮೂರು ಬಟ್ಟಲು ಬೇಯಿಸಿದ ಕಾಳು ತಿಂದ, ಮೇಲಿಷ್ಟು ಗೋಧಿ ತವುಡು ಮುಕ್ಕಿದ. ನೀರು ಮಾತ್ರ ಕುಡಿಯಲಿಲ್ಲ. ಸಂಜೆಗೆ ಹೊಟ್ಟೆ ಡೋಲು. ಗಿರಾಕಿಗಳು ಮೂಗು ಮುಚ್ಚಿಕೊಂಡು ಬ್ರೆಡ್ ಕೊಂಡರು. ಅವನ ಹೆಂಡತಿ, ನಮ್ಮತ್ತಿಗೆ, ಅವನನ್ನು ಹಿತ್ತಿಲಿಗೆ ಅಟ್ಟಿದಳಂತೆ.

"ನಾರೂ ಬೇಡ, ನರ್ಸೂ ಬೇಡ! ಒಲೆ ಬಿಡ್ತೀನಿ, ಮುಗೀತು!" ಎಂದು ಬೇಕರಿಯಲ್ಲಿ ಕೂಗಾಡುತ್ತಿದ್ದಾಗ ನರ್ಸಕ್ಕನೇ ಒಳಗೆ ಬಂದಳು. ಒಂದೇ ಮಾತು ಕೇಳಿದಳು: "ನಿಮ್ಮ ಜಾಡಿಗೆ ವಾರದ ಹಿಟ್ಟೆಲ್ಲ ಒಂದೇ ದಿನ ಸುರಿದ್ರೆ?"

"ಉಕ್ಕಿ ನೆಲದ ಮೇಲೆಲ್ಲ..." ಎಂದವನು ತನ್ನ ಹೊಟ್ಟೆಯನ್ನೇ ನೋಡಿಕೊಂಡ. ಅತ್ತಿಗೆ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಅತಿಯಾದರೆ ಅಮೃತವೂ ವಿಷ. ಈ ವಾರ ದಿನಕ್ಕೆ ಎರಡೇ ಚಮಚ ಬೇಯಿಸಿದ ಕಾಳು, ಬರೋ ವಾರ ನಾಲ್ಕು. ಚೆನ್ನಾಗಿ ನೀರು ಕುಡೀರಿ. ಬಿಸ್ಕತ್ತಿನ ಜೊತೆಗಲ್ಲ, ಬಿಸ್ಕತ್ತಿನ ಬದಲು ಕಾಳು. ಒಂದಿಷ್ಟು ನಡೀರಿ. ನಾರೇನು ಮಂತ್ರದಂಡ ಅಲ್ಲ, ಆದ್ರೆ ಪದೇ ಪದೇ ಹಸಿವಾಗೋದು ತಗ್ಗುತ್ತೆ."

ಅತ್ತಿಗೆ ಅಂದೇ ಬಿಸ್ಕತ್ತಿನ ಡಬ್ಬವನ್ನು ಅಟ್ಟಕ್ಕೇರಿಸಿದಳು. ಮನೆಮಂದಿಯೆಲ್ಲ ಅದೇ ಊಟಕ್ಕೆ ಕೂತರು.

ಆರು ತಿಂಗಳ ಮೇಲೆ ಅಣ್ಣ ಮತ್ತೆ ಅದೇ ಪ್ಯಾಂಟು ತಂದ. ಮೆಟ್ಟಿಲು ಹತ್ತಿದವನು ಗೋಡೆ ಹಿಡಿಯಲಿಲ್ಲ. "ಒಲೆ ಮುಂದೆ ನಿಲ್ಲಬಹುದು ಅಂದ್ರು ಡಾಕ್ಟ್ರು! ಇದನ್ನ ಸ್ವಲ್ಪ ಹಿಡಿದು ಕೊಡು ತಂಗಿ, ಜಾರ್ತಿದೆ." ಕಂಕುಳಲ್ಲಿ ತವುಡು ತೆಗೆಯದ ಗೋಧಿಹಿಟ್ಟಿನ ಬ್ರೆಡ್ಡಿತ್ತು, ಬಿಸಿಬಿಸಿ, ನನಗೆಂದೇ ತಂದದ್ದು. ಆ ದಿನ ನಾನು ಕೂಲಿ ತೆಗೆದುಕೊಳ್ಳಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಟ್ಟೆಯಲ್ಲೂ ಆ ಜಾಡಿ ಇದೆ. ಕರುಳಿನ ಕಾಯಿಲೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಉಳಿದವರು ಇಂದಿನ ಊಟದಲ್ಲೇ ಎರಡು ಚಮಚ ಕಾಳಿನಿಂದ ಶುರುಮಾಡಿ. ಪ್ಯಾಂಟು ಸಡಿಲವಾದರೆ ನನ್ನ ಹತ್ತಿರ ಬನ್ನಿ, ಹಿಡಿದು ಕೊಡುತ್ತೇನೆ.