ಈ ವರ್ಷದ ನಂಬರು

ನನ್ನ ಗಂಡ ಜಾರ್ಲತ್‌ಗೆ ಹೊಸ ಕಾರೇ ಆಗಬೇಕು, ನನಗೆ ಯಾರೋ ಓಡಿಸಿ ಬಿಟ್ಟದ್ದು ಸಾಕು. ಕ್ರಿಸ್‌ಮಸ್ ಕಳೆದಾಗಿನಿಂದ ನಮ್ಮ ಮನೆಯಲ್ಲಿ ಬೆಳಗಾದರೆ ಇದೇ ಪುರಾಣ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಇದ್ದ ಕಾರು ಆಯಸ್ಸು ಮುಗಿಸಿತ್ತು. ತಪಾಸಣೆಗೆ ಕೊಟ್ಟಾಗ ಅಲ್ಲಿಯವನು ಅದರ ತಳಕ್ಕೆ ಸ್ಕ್ರೂಡ್ರೈವರ್ ಚುಚ್ಚಿದ್ದೇ ತಡ, ಅದು ಒಳಗಿನ ಚಾಪೆಯವರೆಗೆ ಬಂದಿತ್ತು. ತುಕ್ಕು.

ನಮ್ಮ ದೇಶದಲ್ಲಿ ನಂಬರ್ ಪ್ಲೇಟಿನ ಮೊದಲಲ್ಲೇ ಕಾರು ಹುಟ್ಟಿದ ವರ್ಷ ಇರುತ್ತದೆ. ಹೆಂಗಸು ತನ್ನ ವಯಸ್ಸು ಮುಚ್ಚಿಡಬಹುದು, ಕಾರಿನದು ಮುಚ್ಚಿಡಲಾಗದು. ಭಾನುವಾರ ಚರ್ಚಿನ ಗೇಟಿನಲ್ಲಿ ಒಂದು ಸುತ್ತು ಕಣ್ಣಾಡಿಸಿದರೆ ಊರಿನಲ್ಲಿ ಯಾರು ಏಳುತ್ತಿದ್ದಾರೆ, ಯಾರು ಇಳಿಯುತ್ತಿದ್ದಾರೆ ಎಲ್ಲ ತಿಳಿದುಹೋಗುತ್ತದೆ. ಈ ಜನವರಿಯಲ್ಲಿ ನನ್ನ ತಂಗಿಯ ಗಂಡ ಕಾರ್ಮಕ್ ಈ ವರ್ಷದ ನಂಬರು ತಂದು ನಿಲ್ಲಿಸಿದ್ದ. ಪಾದ್ರಿಗಳೇ ಬಂದು ಬಾಗಿಲು ತೆರೆದು ಮುಚ್ಚಿ ನೋಡಿದರು.

"ಕಾರ್ಮಕ್ ತಗೊಂಡ ಅಂತ ನಿಂಗೂ ಬೇಕಾ?" ಎಂದು ಕೇಳಿದೆ.

"ಕಾರ್ಮಕ್ ಯಾವ ಲೆಕ್ಕ ಕಣೇ ನಂಗೆ? ಮೂವತ್ತು ವರ್ಷ ಅಂಚೆ ವ್ಯಾನು ಓಡಿಸ್ದೋನು ನಾನು. ಇನ್ನೊಬ್ಬ ಕೂತು ಕುಳಿ ಮಾಡಿಟ್ಟ ಸೀಟು ಅದು. ಆಮೇಲೆ ತಗೊಂಡಿದ್ದೆಲ್ಲ ಸೆಕೆಂಡ್ ಹ್ಯಾಂಡು. ಒಂದೇ ಒಂದು ಸಲ, ಯಾರೂ ಕೂರದ ಸೀಟಲ್ಲಿ ಕೂರ್ಬೇಕು ನಾನು."

ಕೇಳಿದರೆ ನ್ಯಾಯವೇ ಅನ್ನಿಸುತ್ತದೆ. ಆದರೆ ನಾನು ಹಳೆಯದಕ್ಕೆ ಹಟ ಹಿಡಿದದ್ದು ಕಾಸಿನ ಆಸೆಗಲ್ಲ. ಜಾರ್ಲತ್‌ಗೆ ಕಣ್ಣು ಕಾಣುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಸ್ಲೈಗೋ ಪಟ್ಟಣದ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದ್ದಳು. ನೋಟದ ನಟ್ಟನಡುವೆ ಸವೆಯುತ್ತಿದೆ, ಅಂಚಿನಲ್ಲಿ ಕಾಣುತ್ತದೆ, ಹೋದದ್ದು ಮರಳಿ ಬರುವುದಿಲ್ಲ, ಇವತ್ತಿನಿಂದ ಸ್ಟೀರಿಂಗ್ ಮುಟ್ಟಬೇಡಿ. "ಮೊನ್ನೆ ಮೊನ್ನೆ ಹುಟ್ಟಿದ ಹುಡುಗಿ, ಅವಳಿಗೇನು ಗೊತ್ತು" ಎಂದು ಇವನು ಮೆಟ್ಟಿಲುದ್ದಕ್ಕೂ ಬೈದ. ಕಾರಿನ ಹತ್ತಿರ ಬಂದವನು ಬಾಗಿಲು ತೆಗೆಯಲಿಲ್ಲ. ಕೀಲಿ ಹಿಡಿದು ಸುಮ್ಮನೆ ನಿಂತ. ಅವನನ್ನು ಹಾಗೆ ನೋಡಲಾರದೆ ನಾನೇ ಹೇಳಿಬಿಟ್ಟೆ: "ಓಡ್ಸು ಮಾರಾಯ. ಪಕ್ಕದಲ್ಲಿ ನಾನಿದ್ದೀನಲ್ಲ."

ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದೇನೆ. "ಟ್ರ್ಯಾಕ್ಟರು." "ಎಡಕ್ಕೆ, ಸೈಕಲ್ಲು." "ನಿಲ್ಸು, ಕುರಿ." ನಮ್ಮ ಕಡೆಯ ರಸ್ತೆಗಳ ಪ್ರತಿ ತಿರುವೂ ಅವನ ಮೈಗೆ ಗೊತ್ತು, ರಸ್ತೆ ಅವನದು, ರಸ್ತೆಯ ಮೇಲೆ ಬರುವುದೆಲ್ಲ ನನ್ನದು. ನೋಡಿದವರಿಗೆ ನಾನು ಬಾಯಿಬಡುಕಿ. "ಅಟ್ರಾಕ್ಟಾ, ಇಷ್ಟೆಲ್ಲ ಕಷ್ಟಪಡೋ ಬದ್ಲು ಸ್ಟೀರಿಂಗ್ ನೀನೇ ಹಿಡ್ಕೋಬಾರ್ದಾ?" ಎಂದು ಕಾರ್ಮಕ್ ಆಡಿಕೊಂಡು ನಗುತ್ತಿದ್ದ. ನನಗೆ ಓಡಿಸಲು ಬರುವುದಿಲ್ಲ. ಸ್ಟೀರಿಂಗಿಗೆ ಅಂಟಿಕೊಂಡ ಗಂಡನಿರುವ ಮನೆಯಲ್ಲಿ ಅದನ್ನು ಕಲಿಯುವ ಸರದಿ ಯಾರಿಗೂ ಬರುವುದಿಲ್ಲ.

ಹೊಸ ಕಾರು ಎಂದರೆ ಇನ್ನೂ ಹತ್ತು ವರ್ಷ ಈ ಕಳ್ಳಾಟ. ಹಳೆಯದಾದರೆ ಅವನ ಕಣ್ಣಿನ ಜೊತೆ ಅದೂ ಸವೆದು ಮೂಲೆ ಸೇರುತ್ತದೆ ಎಂಬುದು ನನ್ನ ಎಣಿಕೆ. ಹೇಡಿಯ ಎಣಿಕೆ. ಕಾರೇ ಬೇಡ ಎಂದು ಹೇಳಬೇಕಿತ್ತು, ಆ ಮಾತು ಗಂಟಲು ದಾಟುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಬಾಯ್ಲ್ ಪಟ್ಟಣಕ್ಕೆ ಹೋದೆವು. ಕಾರು ಮಾರುವ ಅಂಗಳದಲ್ಲಿ ಎಮೆಟ್ ಕಾಯುತ್ತಿದ್ದ. ಅವನ ಅಜ್ಜಿಯ ಮನೆಗೆ ಜಾರ್ಲತ್ ವರ್ಷಗಟ್ಟಲೆ ಕಾಗದ ಕೊಟ್ಟವನು, ಹಾಗಾಗಿ ಮರ್ಯಾದೆ ಜಾಸ್ತಿ. ಎರಡು ಕಾರು ಅಕ್ಕಪಕ್ಕ ತೊಳೆದು ನಿಲ್ಲಿಸಿದ್ದ. ಒಂದೇ ಜಾತಿ, ಒಂದೇ ಬೂದುನೀಲಿ ಬಣ್ಣ. ಒಂದು ಈ ವರ್ಷದ್ದು, ಇನ್ನೊಂದಕ್ಕೆ ನಾಲ್ಕು ವರ್ಷ.

"ಹಳೇದು ಟೀಚರಮ್ಮ ಒಬ್ರದು. ಒಂಟಿ ಜೀವ. ಮನೆಯಿಂದ ಶಾಲೆ, ಶಾಲೆಯಿಂದ ಮನೆ. ಮಗು ಥರ ನೋಡ್ಕೊಂಡಿದ್ರು. ಇರಿ, ಕೀಲಿ ತರ್ತೀನಿ," ಎಂದು ಎಮೆಟ್ ಒಳಗೆ ಹೋದ.

ಜಾರ್ಲತ್ ನೇರವಾಗಿ ಒಂದು ಕಾರಿನ ಮುಂದೆ ಹೋಗಿ ನಿಂತ. ಬಾನೆಟ್ಟಿನ ಮೇಲೆ ಕೈಯಿಟ್ಟ. ಬಗ್ಗಿ ನಂಬರ್ ಪ್ಲೇಟಿನ ಮೇಲೆ ಬೆರಳಾಡಿಸಿದ.

"ನೋಡಿದ್ಯಾ? ಹೊಸದು ಅಂದ್ರೆ ಹೊಸದೇ. ಈ ನಂಬರು ಗೇಟಲ್ಲಿ ನಿಂತ್ರೆ ಕಾರ್ಮಕ್‌ಗೆ ಚಹಾ ಗಂಟಲಲ್ಲಿ ಇಳಿಯಲ್ಲ." ಆಮೇಲೆ ಪಕ್ಕದ್ದರ ಕಡೆ ಗಲ್ಲ ಎತ್ತಿದ. "ಅದು ನೋಡು, ಹಳೇದು ಅಂತ ದೂರದಿಂದ್ಲೇ ಗೊತ್ತಾಗುತ್ತೆ. ಕಳೆನೇ ಇಲ್ಲ."

ಅವನು ಕೈಯಿಟ್ಟು ನಿಂತಿದ್ದು ಟೀಚರಮ್ಮನ ಕಾರಿನ ಮುಂದೆ.

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಆ ಅಂಕಿಗಳು ಅಂಗೈ ಅಗಲ ಇವೆ. ಮೂಗು ತಾಗುವಷ್ಟು ಬಗ್ಗಿದ್ದ. ಟ್ರ್ಯಾಕ್ಟರು, ಸೈಕಲ್ಲು ಎಂದು ನಾನು ಕೂಗುತ್ತಿದ್ದದ್ದು ಅವನಿಗೆ ನೆರವು ಎಂದುಕೊಂಡಿದ್ದೆ. ಅದು ನೆರವಲ್ಲ, ಅದೇ ಎಲ್ಲ ಎಂದು ಅಲ್ಲಿ ನಿಂತಾಗ ತಿಳಿಯಿತು.

ಎಮೆಟ್ ಎರಡು ಕೀಲಿ ಕುಣಿಸುತ್ತ ಬಂದ. "ಮೊದ್ಲು ಯಾವ್ದು?"

"ಇದೇ," ಎಂದು ಜಾರ್ಲತ್ ಬಾನೆಟ್ ತಟ್ಟಿದ. "ಹೊಸದು."

ಎಮೆಟ್ ಪ್ಲೇಟು ನೋಡಿದ, ಜಾರ್ಲತ್‌ನನ್ನು ನೋಡಿದ, ಆಮೇಲೆ ನನ್ನನ್ನು.

"ತಮಾಷೆ ಮಾಡ್ತಾನೆ," ಎಂದೆ. "ಮೊದ್ಲು ಹಳೇದನ್ನ ಓಡಿಸಿ ನೋಡ್ತಾನಂತೆ. ಹೋಲಿಸೋಕೆ."

ಬಾನೆಟ್ಟಿನ ಮೇಲಿನ ಕೈ ನಿಂತುಹೋಯಿತು. ಜಾರ್ಲತ್‌ಗೆ ಅರ್ಥವಾಗಿತ್ತು. ಕಿವಿಯ ತುದಿ ಕೆಂಪಾಯಿತು. "ಹೂಂ, ಹೋಲಿಸೋಕೆ," ಎಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ನಾನು ಓಡಿ ಮುಂದಿನ ಬಾಗಿಲು ಹಿಡಿದೆ. "ಅಟ್ರಾಕ್ಟಾ ಅವ್ರೇ, ಮುಂದೆ ನಾನೇ ಕೂರ್ಬೇಕು, ವಿಮೆ ಇರೋದೇ ಹಾಗೆ," ಎಂದ ಎಮೆಟ್. ಇಲ್ಲಿಯೇ ಬೇಡ ಎನ್ನಬಹುದಿತ್ತು. ಹೊಟ್ಟೆನೋವು ಎನ್ನಬಹುದಿತ್ತು. ಬಾಯಿ ಮುಚ್ಚಿಕೊಂಡು ಹಿಂದೆ ಕೂತೆ. ಎರಡು ಸೀಟುಗಳ ನಡುವಿನ ಸಂದಿಯಲ್ಲಿ ತಲೆ ತೂರಿಸಿ, ಬಾವಿಗೆ ಇಣುಕುವವಳ ಹಾಗೆ.

ಊರಿನ ಹಳೆಯ ಬೀದಿ ದಾಟುವವರೆಗೆ ಸರಿಯಿತ್ತು. ಆಮೇಲೆ ಎಮೆಟ್, "ಬಲಕ್ಕೆ ತಗೊಳ್ಳಿ, ಹೊಸ ರಸ್ತೇಲಿ ಹೋಗೋಣ," ಎಂದ. ಆ ರಸ್ತೆಯಲ್ಲಿ ಜಾರ್ಲತ್ ಒಂದು ಕಾಗದವನ್ನೂ ಕೊಟ್ಟವನಲ್ಲ. ಅವನ ಕುತ್ತಿಗೆಯ ನರ ಬಿಗಿಯುವುದು ಹಿಂದಿನಿಂದ ಕಾಣುತ್ತಿತ್ತು.

"ಅಬ್ಬಾ, ಎದುರಿಗೆ ಎಷ್ಟು ದೊಡ್ಡ ವೃತ್ತ ಮಾಡಿದಾರೆ! ನಡುವೆ ಹೂ ಎಷ್ಟು ಚೆನ್ನಾಗಿವೆ!" ಎಂದೆ. ಜನವರಿಯಲ್ಲಿ ಹೂವೆಲ್ಲಿ ಬರಬೇಕು? ಅಲ್ಲಿದ್ದದ್ದು ಬರೀ ಕೆಸರು. ಜಾರ್ಲತ್ ವೇಗ ಇಳಿಸಿದ.

"ಆ ಬಿಳಿ ವ್ಯಾನಿನೋನಿಗೆ ಏನು ಅವಸರವೋ, ಬಲಗಡೆಯಿಂದ ನುಗ್ತಾ ಇದಾನೆ." ಜಾರ್ಲತ್ ನಿಂತ. ವ್ಯಾನು ಹೋಯಿತು.

ಎಮೆಟ್ ನಕ್ಕ. "ಅಟ್ರಾಕ್ಟಾ ಅವ್ರೇ, ನೀವು ರೇಡಿಯೋದಲ್ಲಿ ಪಂದ್ಯದ ವಿವರಣೆ ಕೊಡ್ಬೇಕಿತ್ತು."

"ಮದ್ವೆಯಾದ ದಿನದಿಂದ ಇದೇ ಸ್ಟೇಷನ್ನು," ಎಂದ ಜಾರ್ಲತ್. ಮೂವರೂ ನಕ್ಕೆವು.

ಆಗಲೇ ಎಮೆಟ್ ನನ್ನ ಕಡೆ ಪೂರ್ತಿ ತಿರುಗಿದ. "ಹಿಂದಿನ ಸೀಟಿಗೂ ಬಿಸಿ ಬರುತ್ತೆ, ಈ ಗುಂಡಿ ಒತ್ತಿ ನೋಡಿ," ಎಂದು ಸೀಟುಗಳ ನಡುವೆ ಕೈ ಚಾಚಿದ. ಅವನ ಅಗಲವಾದ ಭುಜ ನನ್ನ ರಸ್ತೆಯನ್ನೆಲ್ಲ ಮುಚ್ಚಿತು. ನಾನು ಆ ಕಡೆ ಬಾಗಿದೆ, ಭುಜ. ಈ ಕಡೆ ಬಾಗಿದೆ, ಭುಜ. ಕಾರು ಓಡುತ್ತಲೇ ಇತ್ತು. ಅವನನ್ನು ಎರಡೂ ಕೈಯಿಂದ ಪಕ್ಕಕ್ಕೆ ನೂಕಿ ರಸ್ತೆ ನೋಡಿದೆ.

ಶಾಲೆ ಬಿಟ್ಟಿತ್ತು. ನಡುರಸ್ತೆಯಲ್ಲಿ ಮಕ್ಕಳನ್ನು ದಾಟಿಸುವ ಹೆಂಗಸು ಹಳದಿ ಕೋಟು ತೊಟ್ಟು, ದುಂಡನೆಯ ಫಲಕ ಎತ್ತಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಮಕ್ಕಳ ಸಾಲು. ಮುಂದೆ ಕೆಂಪು ಟೋಪಿಯ ಒಂದು ಪುಟ್ಟ ಹುಡುಗಿ. ಜಾರ್ಲತ್‌ನ ಕಾಲು ಬ್ರೇಕಿನ ಹತ್ತಿರವೂ ಹೋಗಿರಲಿಲ್ಲ.

"ನಿಲ್ಸೋ!"

ನನ್ನ ದನಿಗೆ ಅವನ ಕಾಲು ಎಂದೂ ತಡಮಾಡಿದ್ದಿಲ್ಲ. ಕಾರು ಕಿರುಚಿ ನಿಂತಿತು. ಹಳದಿ ಕೋಟಿನವಳು ಓಡಲಿಲ್ಲ, ಮಕ್ಕಳಿಗೆ ಅಡ್ಡಲಾಗಿ ಕೈಚಾಚಿ ನಿಂತೇ ಇದ್ದಳು. ಅವಳ ಮೊಣಕಾಲು ನಂಬರ್ ಪ್ಲೇಟಿಗೆ ತಾಗುವಂತಿತ್ತು. ಮಕ್ಕಳು ಆಟವೆಂದುಕೊಂಡು ಕಿಲಕಿಲ ನಕ್ಕವು. ಅವಳು ಅವರನ್ನೆಲ್ಲ ದಾಟಿಸಿ, ಬಂದು ಕಿಟಕಿ ಬಡಿದಳು.

"ದೀಪದ ಕಂಬದ ಥರ ನಿಂತಿದೀನಿ. ಕಣ್ಣು ಕಾಣಲ್ವೇನ್ರೀ?"

ಸಿಟ್ಟು ಬಂದವರು ಯಾರಿಗಾದರೂ ಅನ್ನುವ ಮಾತು.

ಅವಳು ಹೋದ ಮೇಲೆ ಎಮೆಟ್ ಮೆಲ್ಲಗೆ, "ಬಿಸಿಲು ಕಣ್ಣಿಗೆ ಹೊಡೀತು, ಅಲ್ವಾ?" ಎಂದ.

"ಹೂಂ, ಬಿಸಿಲು," ಎಂದ ಜಾರ್ಲತ್.

ಬಿಸಿಲು ನಮ್ಮ ಬೆನ್ನ ಹಿಂದಿತ್ತು. ವಾಪಸು ಎಮೆಟ್ ಓಡಿಸಿದ, ಜಾರ್ಲತ್ ಹಿಂದೆ ನನ್ನ ಪಕ್ಕ ಬಂದು ಕೂತ. ಪೆಟ್ರೋಲ್ ಹಾಕಿಸಬೇಕು ಎಂದು ನೆವ ಹೇಳಿದ, ಹಾಕಿಸಲಿಲ್ಲ.

ಅಂಗಳಕ್ಕೆ ಬಂದದ್ದೇ ಜಾರ್ಲತ್ ಇಳಿದು ನಮ್ಮ ತುಕ್ಕು ಕಾರಿನ ಕಡೆ ನಡೆದ. "ನಡಿ ಅಟ್ರಾಕ್ಟಾ. ಇವತ್ತು ಯಾವ್ದೂ ಬೇಡ." ಒಳಗೆ ಕೂತು ಇಂಜಿನ್ ಹಚ್ಚಿದ. ಬಾಗಿ ನನ್ನ ಕಡೆಯ ಬಾಗಿಲು ತೆರೆದ.

ನಾನು ನಿಂತಲ್ಲೇ ನಿಂತೆ.

"ಬಾರೇ."

"ಬರಲ್ಲ."

"ಕತ್ತಲಾಗುತ್ತೆ."

"ಆಗ್ಲಿ."

"ಮನೆ ರಸ್ತೆ ಕಣೇ. ಕಣ್ಣು ಮುಚ್ಕೊಂಡು ಓಡಿಸ್ತೀನಿ ಅದನ್ನ."

"ಅಕ್ಟೋಬರಿಂದ ಅದನ್ನೇ ಅಲ್ವಾ ಮಾಡ್ತಿರೋದು?"

ಅವನು ಸಿಟ್ಟಿನಿಂದ ಸ್ಟೀರಿಂಗ್ ಗುದ್ದಿದ. "ನೀನು ಕೂರದೆ ನಾನು ಹ್ಯಾಗೆ..." ಎಂದವನು ಅಲ್ಲಿಗೇ ನುಂಗಿಕೊಂಡ. ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಕಾಲು ತಾನಾಗಿ ಮುಂದೆ ಹೋಗುತ್ತಿತ್ತು. ಮದುವೆಯಾದಾಗಿನಿಂದ ಯಾವ ಕಾರಾದರೂ ನಾನು ಕೂತದ್ದು ಅವನ ಪಕ್ಕದಲ್ಲೇ. ಹೋಗಿ ಕೂತರೆ ಇವತ್ತಿನದು ಇವತ್ತಿಗೆ ಮುಗಿಯುತ್ತದೆ, ಚಹಾ ಕುಡಿಯುತ್ತೇವೆ, ಬಿಸಿಲಿನ ಕತೆ ನಿಜವಾಗುತ್ತದೆ.

"ಕೆಂಪು ಟೋಪಿ ಹಾಕ್ಕೊಂಡಿತ್ತು ಆ ಮಗು," ಎಂದೆ. ಅಳು ಬಂದುಬಿಟ್ಟಿತು. "ನೀನು ನೋಡ್ಲಿಲ್ಲ. ನಾನೂ ನೋಡ್ದೇ ಹೋಗ್ತಿದ್ದೆ ಜಾರ್ಲತ್. ಇನ್ನು ನನ್ ಕೈಲಾಗಲ್ಲ. ಹೋಗೋದಾದ್ರೆ ಒಬ್ನೇ ಹೋಗು."

ಇಂಜಿನ್ ಗಡಗಡ ನಡುಗುತ್ತಿತ್ತು. ಅವನು ಖಾಲಿ ಸೀಟನ್ನೇ ನೋಡಿದ. ಬಿಟ್ಟುಹೋಗಿಬಿಟ್ಟರೆ? ನನ್ನ ಗಂಡನ ಹಟ ನನಗೆ ಗೊತ್ತು. ಗೇರಿನ ಮೇಲೆ ಕೈ ಹೋಯಿತು. ಕೈ ಅಲ್ಲೇ ಬಹಳ ಹೊತ್ತು ಇತ್ತು.

ಇಂಜಿನ್ ನಿಂತಿತು.

ನಾನು ಕಣ್ಣೊರೆಸಿಕೊಂಡು ಆಫೀಸಿನೊಳಗೆ ಹೋದೆ. ಎಮೆಟ್ ಎದ್ದು ನಿಂತ. ಮುಖ ಸುಣ್ಣದ ಹಾಗಿತ್ತು.

"ಟೀಚರಮ್ಮನ ಕಾರು ಕೊಡು," ಎಂದೆ.

"ಕ್ಷಮಿಸ್ಬೇಕು. ಜಾರ್ಲತ್ ಅವ್ರಿಗೆ ನಾನು ಹೊಸದೂ ಮಾರಲ್ಲ, ಹಳೇದೂ ಮಾರಲ್ಲ. ನನ್ ಕೆಲ್ಸ ಹೋದ್ರೂ ಸರಿ."

"ಅವ್ನಿಗೆ ಯಾರು ಕೇಳಿದ್ರು? ನಂಗೆ."

"ನಿಮ್ಗೆ ಓಡ್ಸೋಕೆ ಬರುತ್ತಾ?"

"ಬರಲ್ಲ. ಕಲಿಸೋರನ್ನ ನೀನೇ ಹುಡುಕ್ಕೊಡು. ಗೇಟಿಗೆ ಗೋಡೆಗೆ ಉಜ್ಜೋದು ಇದ್ದೇ ಇದೆ, ಅದಕ್ಕೇ ಹಳೇದು."

ಹಿಂದೆ ಬಾಗಿಲಲ್ಲಿ ಜಾರ್ಲತ್ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಇನ್ನೇನು ರಂಪವಾಗುತ್ತದೆ ಎಂದುಕೊಂಡೆ. ಅವನು ಮೇಜನ್ನು ತಡವಿ, ತುಕ್ಕು ಕಾರಿನ ಕೀಲಿಯನ್ನು ಅದರ ಮೇಲಿಟ್ಟ.

"ಹೊಸದೇ ತಗೊಳ್ಳೇ," ಎಂದ, ಯಾರ ಮುಖವನ್ನೂ ನೋಡದೆ. "ಯಾರೂ ಕೂರದ ಸೀಟು ಬೇಕು ಅಂದಿದ್ದೆನಲ್ಲ. ನಿನ್ನ ಪಕ್ಕದ್ದಾದ್ರೂ ಆಗುತ್ತೆ."

ಉತ್ತರ ಕೊಟ್ಟವನು ಎಮೆಟ್. "ಆ ಟೀಚರಮ್ಮ ಯಾವಾಗ್ಲೂ ಒಬ್ರೇ ಬರೋರು. ಪಕ್ಕದ ಸೀಟಿಗೆ ಕಾರು ತಗೊಂಡಾಗ ಹಾಕಿದ್ದ ಪ್ಲಾಸ್ಟಿಕ್ ಹಾಗೇ ಇತ್ತು. ಮೊನ್ನೆ ನಾನೇ ಕಿತ್ತಿದ್ದು. ಇವತ್ತು ನಾನು ಕೂತಿದ್ದು ಬಿಟ್ರೆ, ಅದ್ರಲ್ಲಿ ಯಾರೂ ಕೂತಿಲ್ಲ."

"ನಿನ್ನನ್ನ ಲೆಕ್ಕಕ್ಕೆ ಹಿಡಿಯಲ್ಲ ಬಿಡು," ಎಂದ ಜಾರ್ಲತ್.

ಎಮೆಟ್ ಅದೇ ಕಾರಿನಲ್ಲಿ ನಮ್ಮನ್ನು ಮನೆಗೆ ಬಿಡಲು ಹೊರಟ. ಜಾರ್ಲತ್ ಆ ಸೀಟಿನಲ್ಲಿ ಕೂತು ಅಂಗೈಯಿಂದ ಬಟ್ಟೆ ಸವರಿ ನೋಡಿದ. ನಾನು ಹಿಂದೆ ಕೂತೆ. ಊರು ದಾಟಿ ನಮ್ಮ ಕಿರುದಾರಿ ಶುರುವಾಯಿತು, ಎರಡೂ ಕಡೆ ಬೇಲಿ, ನಡುವೆ ತಿರುವು. ನನಗೆ ಗೊತ್ತಿಲ್ಲದೆಯೇ ತಲೆ ಸಂದಿಗೆ ಹೋಗಿತ್ತು.

"ಟ್ರ್ಯಾಕ್ಟರು," ಎಂದೆ.

ಜಾರ್ಲತ್ ಹಿಂದಕ್ಕೆ ಕೈಚಾಚಿದ. ಹುಡುಕಿ ನನ್ನ ಕೈ ಹಿಡಿದ. "ಅವ್ನಿಗೆ ಕಾಣುತ್ತೆ ಕಣೇ," ಎಂದ. "ನೀನು ಸ್ವಲ್ಪ ಕಣ್ಣು ಮುಚ್ಚು."