ಮೂರನೇ ಕಪಾಟಿನ ಹಿಂದೆ

ಚಳಿ ಇಳಿಯುತ್ತಿದ್ದ ದಿನಗಳು, ಬೆಳಿಗ್ಗೆ ಆರೂವರೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದಲ್ಲಿ ಮೊದಲ ಯಂತ್ರ ಗುರ್ ಎನ್ನುವ ಹೊತ್ತಿಗೆ ದೊಡ್ಡಮ್ಮ ಒಳಗೆ ಬಂದಳು. ಹಿಂದೆಯೇ ಅವಳ ತಂಗಿಯ ಮಗಳು ಚೀಲ ಅವುಚಿಕೊಂಡು ಬಾಗಿಲಲ್ಲಿ ನಿಂತಳು. ಹುಡುಗಿ ಚಿಕ್ಕಂದಿನಿಂದ ದೊಡ್ಡಮ್ಮನ ಮನೆಯಲ್ಲೇ ಬೆಳೆದು, ಈಗ ಎಂ.ಎ. ಓದುತ್ತಿದ್ದಳು, ಸಮಾಜಶಾಸ್ತ್ರ. ಎರಡನೇ ವರ್ಷಕ್ಕೆ ಒಂದು ಪ್ರಬಂಧ ಬರೆಯಬೇಕು, ಹೆಂಗಸರು ದುಡಿಯುವ ಜಾಗ ಬೇಕು ಎಂದಿದ್ದಳು. ನಮ್ಮಲ್ಲಿಗೇ ಬಾ ಎಂದವಳು ದೊಡ್ಡಮ್ಮನೇ. ಬರೆದದ್ದರ ಒಂದು ಪ್ರತಿ ತಮಗೂ ಕೊಡಬೇಕು ಎಂಬ ಷರತ್ತಿನ ಮೇಲೆ ಆಸ್ಪತ್ರೆಯ ಕಚೇರಿ ಒಪ್ಪಿತ್ತು. ಆ ಷರತ್ತನ್ನು ಆಗ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಅಲ್ಲಿ ದೊಡ್ಡಮ್ಮನೂ ಸೇರಿ ಹನ್ನೊಂದು ಜನ ಹೆಂಗಸರು. ಹುಡುಗಿಯ ಹಾಳೆಯಲ್ಲಿ ನಲವತ್ತು ಪ್ರಶ್ನೆ. ವಾರದಿಂದ ಅದರ ಒಂದು ಪ್ರತಿ ಮನೆಯ ಮೇಜಿನ ಮೇಲೇ ಬಿದ್ದಿತ್ತು. ದೊಡ್ಡಮ್ಮ ಓದಿದ್ದು ನಾಲ್ಕನೇ ಕ್ಲಾಸು. ಮೂರು ಸಂಜೆ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು, ಅಷ್ಟನ್ನೂ ಓದಿದ್ದಳು. ಇದು ಮಗುವಿನ ಪರೀಕ್ಷೆ, ಹನ್ನೊಂದು ಜನ ಬಾಯಿಗೆ ಬಂದದ್ದು ಒದರಿದರೆ ಫೇಲಾಗುವುದು ಅವಳೇ, ಎಂದು ಅರ್ಥ ಮಾಡಿಕೊಂಡು ಉತ್ತರಗಳನ್ನು ತಾನೇ ನಿಶ್ಚಯಿಸಿದಳು.

ಹಾಸಿಗೆ ಬಟ್ಟೆ ಮಡಿಸಲು ಇಬ್ಬರು ಬೇಕು. ಇವಳೆರಡು ಮೂಲೆ, ಅವಳೆರಡು ಮೂಲೆ ಹಿಡಿದು, ಎದುರುಬದುರು ನಡೆದು ಬಂದು ಮೂಲೆ ಕೂಡಿಸಿ ಹಿಂದೆ ಸರಿಯಬೇಕು. ಹಾಗೆ ಹತ್ತಿರ ಬಂದಾಗಲೆಲ್ಲ ದೊಡ್ಡಮ್ಮ ಒಂದೊಂದು ಉತ್ತರ ಕಿವಿಗೆ ಹಾಕಿದಳು.

"ಕೆಲಸದ ಜಾಗದಲ್ಲಿ ನಿಮ್ಮ ಮಾತಿಗೆ ಬೆಲೆ ಇದೆಯಾ ಅಂತ ಕೇಳ್ತಾಳೆ. ಇದೆ ಅನ್ನು."

"ಎಲ್ಲಿದೆ ಅಕ್ಕಾ?" ಎಂದಳು ಎಲ್ಲರೂ ಉದ್ದಕ್ಕ ಎಂದು ಕರೆಯುತ್ತಿದ್ದವಳು.

"ಇರ್ಲಿ ಬಿಡೇ. ಮಗು ಪಾಸಾಗ್ಬೇಕು."

ಹುಡುಗಿ ಮೂರು ದಿನ ಊಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಳು. ಒಬ್ಬರೂ ತಡವರಿಸಲಿಲ್ಲ. ಉದ್ದಕ್ಕನಂತೂ ಹದಿನಾರನೇ ಪ್ರಶ್ನೆ ಕೇಳುವಾಗಲೇ ಹದಿನೇಳನೆಯದಕ್ಕೂ ಉತ್ತರ ಕೊಟ್ಟುಬಿಟ್ಟಳು.

ಹನ್ನೊಂದಕ್ಕೆ ಹನ್ನೊಂದೂ ಒಂದೇ ಥರ ಇದ್ದ ಆ ಹಾಳೆಗಳನ್ನು ನೋಡಿ, ಪ್ರಬಂಧ ಬರೆಸುತ್ತಿದ್ದ ಕಾಲೇಜಿನ ಮೇಡಂ ಒಂದೇ ಮಾತು ಕೇಳಿದರಂತೆ: "ಇದನ್ನ ಮನೇಲಿ ಕೂತು ನೀನೇ ತುಂಬಿದ್ಯಾ?" ಮುಂದೆ ಸಂಶೋಧನೆಗೆ ಅವರ ಬಳಿ ಇದ್ದದ್ದು ಒಂದೇ ಸೀಟು. ಈ ಹುಡುಗಿಗೇ ಕೊಡಬೇಕೆಂದು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಹುಡುಗಿ ಆ ಸೀಟಿನ ಕನಸಿನಲ್ಲೇ ಎರಡು ವರ್ಷ ಸವೆಸಿದ್ದಳು.

ಮನೆಗೆ ಬಂದವಳು ಚೀಲ ಇಳಿಸದೆ ಗೋಡೆಗೊರಗಿ ಕೂತಳು.

"ದೊಡ್ಡಮ್ಮಾ, ನೀನು ಹೇಳ್ಕೊಟ್ಯಾ?"

"ಹೂಂ. ಯಾರೂ ತಪ್ಪು ಹೇಳ್ಲಿಲ್ಲ ತಾನೆ?"

"ತಪ್ಪು ಹೇಳ್ಬೇಕಿತ್ತು ದೊಡ್ಡಮ್ಮಾ. ಅವರವರ ತಪ್ಪು ಅವರವರೇ ಹೇಳ್ಬೇಕಿತ್ತು."

ಅಂಥ ಪರೀಕ್ಷೆಯೂ ಇರುತ್ತದೆಂದು ದೊಡ್ಡಮ್ಮನಿಗೆ ಯಾರು ಹೇಳಿದ್ದರು? ಅವಳು ನೀರು ತಂದುಕೊಟ್ಟಳು.

ಮಾರನೆಯ ದಿನದಿಂದ ಹುಡುಗಿ ಹಾಳೆ ತರಲಿಲ್ಲ. ಬಟ್ಟೆಯ ಇನ್ನೊಂದು ತುದಿ ಹಿಡಿದು ನಿಂತಳು. ಮೂರನೇ ದಿನಕ್ಕೆ ಬೆರಳು ಊದಿದವು. "ಏನೇ ಓದೋಳೇ, ಹದಿನೇಳು ವರ್ಷ ಓದಿ ಕೊನೆಗೆ ಮೂಲೆ ಹಿಡಿದ್ಯಲ್ಲೇ!" ಎಂದು ಉದ್ದಕ್ಕ ಛೇಡಿಸಿದಳು. ವಾರ ಕಳೆಯುವಷ್ಟರಲ್ಲಿ ಅವಳು ಹೊರಗಿನವಳೆಂಬುದನ್ನೇ ಹೆಂಗಸರು ಮರೆತರು. ಮರೆತ ಮೇಲೆ ಅವಳ ಕಣ್ಣಿಗೆ ಅದು ಬಿತ್ತು.

ಮಧ್ಯಾಹ್ನದ ಮೇಲೆ ಎಣಿಸಿದರೆ ಹತ್ತೇ ಜನ. ಒಗೆದ ಬಟ್ಟೆ ಜೋಡಿಸುವ ಮೂರನೇ ಕಪಾಟಿನ ಹಿಂದೆ, ಹಳೇ ಕಂಬಳಿಗಳ ಮೇಲೆ ಒಬ್ಬಳು ಮಲಗಿರುತ್ತಿದ್ದಳು. ದಿನಕ್ಕೊಬ್ಬಳಂತೆ, ಎರಡು ಗಂಟೆ ಹೊತ್ತು. ಅವಳ ಪಾಲಿನ ಕೆಲಸವನ್ನು ಉಳಿದ ಹತ್ತು ಜನ ಎಳೆಯುತ್ತಿದ್ದರು. ಮೇಸ್ತ್ರಿ ಬರುವುದು ಕಂಡರೆ ಯಾರಾದರೂ ಬಕೆಟ್ಟಿನ ಮುಚ್ಚಳ ಬೀಳಿಸುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಒಬ್ಬಳು ನಿದ್ದೆಗಣ್ಣಿನಲ್ಲಿ ಇಸ್ತ್ರಿಯ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡಿದ್ದಳು. ಮರುದಿನವೇ ಈ ಸರದಿ ಶುರುವಾಗಿತ್ತು. ಹಾಕಿದವಳು ದೊಡ್ಡಮ್ಮ.

ಹುಡುಗಿ ಅದನ್ನು ಬರೆದಳು. ಇಪ್ಪತ್ತೆರಡು ಪುಟ. ಮೇಡಂ ಓದಿ, "ಇದು ನಿನ್ನ ಕೆಲಸ, ಸೀಟು ನಿಂದೇ" ಎಂದರಂತೆ. ಭಾನುವಾರ ಅವಳು ಹೆಮ್ಮೆಯಿಂದ ಆ ಪುಟಗಳನ್ನು ದೊಡ್ಡಮ್ಮನ ಮಡಿಲಲ್ಲಿಟ್ಟಳು. ಅರ್ಥವಾಗದ ದೊಡ್ಡ ದೊಡ್ಡ ಪದಗಳನ್ನು ದಾಟಿಕೊಂಡು ದೊಡ್ಡಮ್ಮನ ಬೆರಳು ಮಧ್ಯಾಹ್ನದಿಂದ ಸಂಜೆಯವರೆಗೆ ನಡೆಯಿತು. ಓದಿ ಮುಗಿಸಿ ಕನ್ನಡಕ ತೆಗೆದಳು.

"ಕಚೇರಿಗೂ ಒಂದು ಕೊಡ್ಬೇಕಲ್ವಾ?"

"ಯಾರ ಹೆಸರೂ ಹಾಕಿಲ್ಲ ದೊಡ್ಡಮ್ಮಾ."

"ಹೆಸರು ಯಾಕೆ? ಕಪಾಟು ಇರೋದೇ ಮೂರು."

ಹುಡುಗಿಯ ಮುಖ ಬಿಳುಪೇರಿತು. ದೊಡ್ಡಮ್ಮನೇ ಕೇಳಿದಳು, "ಅವರಿಗೆ ಕೊಡ್ದೇ ಇದ್ರೆ?"

"ಸಹಿ ಹಾಕ್ಕೊಟ್ಟಿದೀನಿ. ಅವರ ಮೊಹರು ಬೀಳ್ದೆ ಕಾಲೇಜಿನೋರು ತಗೊಳಲ್ಲ."

"ಹಂಗಾದ್ರೆ ನಂದೊಂದೇ ಬರಿ. ನಾನೊಬ್ಬಳೇ ಮಲಗ್ತೀನಿ ಅಂತ."

"ಒಬ್ಬಳು ಮಲಗಿದ್ರೆ ಸೋಮಾರಿತನ ದೊಡ್ಡಮ್ಮಾ. ಹನ್ನೊಂದು ಜನ ಸರದಿ ಹಾಕ್ಕೊಂಡ್ರೆ ಸಮಾಜಶಾಸ್ತ್ರ."

ಇಬ್ಬರೂ ನಕ್ಕರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ದೊಡ್ಡಮ್ಮನ ಕಣ್ಣ ಮುಂದೆ ಹತ್ತು ಜೊತೆ ಮಂಡಿಗಳು ಬಂದವು, ಉದ್ದಕ್ಕನ ಬಾಗಿದ ಸೊಂಟ ಬಂತು. ಎದುರಿಗೆ ಕೂತದ್ದು ಹೊಟ್ಟೆಯಲ್ಲಿ ಹುಟ್ಟದಿದ್ದರೂ ತಾನು ಬೆಳೆಸಿದ ಕೂಸು.

"ತೆಗಿ ಮಗಾ," ಎಂದಳು.

"ಇಡೀ ಪ್ರಬಂಧದಲ್ಲಿ ನಿಜ ಅಂತ ಇರೋದು ಇದೊಂದೇ."

"ಅದಕ್ಕೇ ತೆಗಿ ಅಂದೆ."

ಹುಡುಗಿ ವಾದ ಮಾಡಲಿಲ್ಲ. ವಾದ ಮಾಡಿದ್ದರೇ ಚೆನ್ನಾಗಿತ್ತು ಎಂದು ದೊಡ್ಡಮ್ಮನಿಗೆ ಆಮೇಲೆ ಎಷ್ಟೋ ಸಲ ಅನಿಸಿದೆ. ಆ ಇಪ್ಪತ್ತೆರಡು ಪುಟ ಪ್ರಬಂಧದಿಂದ ಹೊರಗೆ ಬಂದವು. ಆ ಜಾಗಕ್ಕೆ ಯಂತ್ರಗಳ ವಿವರ, ಪಾಳಿಯ ವೇಳೆ, ಸೋಪಿನ ಪುಡಿಯ ಅಳತೆ ಹೋದವು. ಮೇಡಂ ಅಂಚಿನಲ್ಲಿ "ಇಲ್ಲಿದ್ದದ್ದು ಎಲ್ಲಿ?" ಎಂದು ಕೆಂಪು ಶಾಯಿಯಲ್ಲಿ ಬರೆದರು. ಹುಡುಗಿ ಬಾಯಿ ಬಿಡಲಿಲ್ಲ. ಪಾಸಾದಳು, ಅಷ್ಟೆ. ಸೀಟು ಬೇರೆ ಯಾರಿಗೋ ಹೋಯಿತು.

ಬಿಸಿಲು ಏರಿದ ಮೇಲೆ ಒಂದು ದಿನ ದೊಡ್ಡಮ್ಮ ಕಿಟಕಿ ಪರದೆ ಕೊಡಲು ಕಚೇರಿಗೆ ಹೋಗಿದ್ದಳು. ಬೀರುವಿನ ಮೇಲೆ ಆ ಪ್ರಬಂಧ ಇತ್ತು. ಹುಡುಗಿ ಕಟ್ಟಿದ್ದ ನೀಲಿ ದಾರದ ಗಂಟು ಹಾಗೇ ಇತ್ತು. ಮೊಹರು ಮೇಲಿನ ಹಾಳೆಗೇ ಬಿದ್ದಿತ್ತು, ಒಳಗಿನ ಪುಟವನ್ನು ಯಾರೂ ತೆರೆದಿರಲಿಲ್ಲ. ದೊಡ್ಡಮ್ಮ ಪರದೆ ಎಣಿಸಿಕೊಟ್ಟು ಹಿಂದಿರುಗಿದಳು. ಈ ಮಾತನ್ನು ಮನೆಯಲ್ಲಿ ಹೇಳಲಿಲ್ಲ.

ಹುಡುಗಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಮನೆಮನೆಗೆ ಹೋಗಿ, ಯಾರೋ ಬರೆದುಕೊಟ್ಟ ಪ್ರಶ್ನೆ ಕೇಳಿ, ಹಾಳೆ ತುಂಬಿಸುವುದು. ಬುಧವಾರ ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಇವತ್ತು ನಿನ್ನ ಸರದಿ ಅಲ್ವಾ ದೊಡ್ಡಮ್ಮಾ? ಮಲ್ಕೋ," ಎಂದಳು.

ಅಂದು ಮಧ್ಯಾಹ್ನ ಕಪಾಟಿನ ಹಿಂದೆ ದೊಡ್ಡಮ್ಮ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಆಚೆ ಹತ್ತು ಜನ ಅವಳ ಪಾಲಿನ ಬಟ್ಟೆಯನ್ನೂ ಸೇರಿಸಿ ಮಡಿಸುತ್ತಿದ್ದರು.